‘ಹೌದು ಮೇಡಂ, ಪ್ರತಿ ಸಲ ಬಳಸ್ತೇವೆ’

ಮಲ್ಪೆಯಲ್ಲಿ ಬೋಟಿಗೆ ಹೋಗುವ ಒಬ್ಬರಿಗೆ ಎಚ್‌ಐವಿ ಇದೆ, ಹೆಂಡತಿಗೆ ಇಲ್ಲ ಅಂದುಕೊಳ್ಳಿ. ‘ಕಳೆದ 3 ತಿಂಗಳಲ್ಲಿ ಎಷ್ಟು ಸಲ ಸಂಪರ್ಕ ಆಯಿತು, ಎಷ್ಟು ಸಲ ಕಾಂಡೋಮ್ ಬಳಸಿದಿರಿ?’ ಅಂತ ಕೌನ್ಸೆಲರ್ ಕೇಳುತ್ತಾರೆ. ಗಂಡ ಒಂದು ಲೆಕ್ಕ ಕೊಡುತ್ತಾರೆ, ಇನ್ನೊಂದು ಕೋಣೆಯಲ್ಲಿ ಕೂತ ಹೆಂಡತಿ ಬೇರೆಯೇ ಲೆಕ್ಕ. ಒಬ್ಬರು ಸುಳ್ಳು ಹೇಳಿದರು ಅಂತ ಅವಸರ ಮಾಡಬೇಡಿ. ದಿನಗಟ್ಟಲೆ ಕಡಲಲ್ಲಿದ್ದು, ಒಂದೆರಡು ದಿನ ಮನೆಗೆ ಬಂದು, ಮತ್ತೆ ಹೊರಡುವವರ ಬದುಕು ತಿಂಗಳ ಲೆಕ್ಕದಲ್ಲಿ ನಡೆಯುವುದಿಲ್ಲ. ‘ಕಳೆದ ಟ್ರಿಪ್ ಮುಗಿಸಿ ಬಂದಾಗ’, ‘ಜೂನ್-ಜುಲೈಯಲ್ಲಿ ಮೀನುಗಾರಿಕೆ ಬಂದ್ ಇದ್ದಾಗ’ ಅಂತ ಕೇಳಿದರೆ ನೆನಪು ಎಷ್ಟೋ ನೆಟ್ಟಗಾಗುತ್ತದೆ.

ಮರೆವಿಗಿಂತ ಸಂಕೋಚದ ಕಾಟ ಜಾಸ್ತಿ. ಕಾಂಡೋಮ್ ಬಳಸಿ ಅಂತ ಪ್ರತಿ ತಿಂಗಳು ಹೇಳುವ ಅದೇ ಮೇಡಂ ಎದುರು ‘ಬಳಸಲಿಲ್ಲ’ ಅನ್ನಲು ಬಾಯಿ ಬರುತ್ತದಾ? ಅದರಲ್ಲೂ ಮಗು ಬೇಕು ಅಂತ ಆಸೆಪಟ್ಟು ಕಾಂಡೋಮ್ ಬಿಟ್ಟಿದ್ದರೆ, ಮುಗಿಯಿತು.

ಬಾಯಿ ಹೇಳದ್ದನ್ನು ದೇಹ ಹೇಳುತ್ತದೆ. ವೀರ್ಯದಲ್ಲಿರುವ ಪಿಎಸ್‌ಎ ಎಂಬ ಪ್ರೋಟೀನು ಸಂಪರ್ಕದ ನಂತರ ಒಂದೆರಡು ದಿನ ಯೋನಿಯಲ್ಲಿ ಪತ್ತೆಯಾಗುತ್ತದೆ. ಜಿಂಬಾಬ್ವೆಯ ಒಂದು ಅಧ್ಯಯನದಲ್ಲಿ ಇದು ಪತ್ತೆಯಾದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಆ 2 ದಿನಗಳಲ್ಲಿ ಸಂಪರ್ಕವೇ ಇರಲಿಲ್ಲ, ಇದ್ದರೂ ಕಾಂಡೋಮ್ ಹಾಕಿಯೇ ಇತ್ತು ಅಂದಿದ್ದರು. ಎದುರಿಗೆ ಮನುಷ್ಯರಿಲ್ಲದೆ ಕಂಪ್ಯೂಟರ್ ಕೇಳಿದಾಗಲೂ ದೊಡ್ಡ ವ್ಯತ್ಯಾಸ ಆಗಲಿಲ್ಲ!

ವೈರಸ್ಸಿನ ಜೀನ್‌ಗಳೂ ಸಾಕ್ಷಿ ಹೇಳುತ್ತವೆ. 2016ರಲ್ಲಿ ಯುರೋಪಿನ ‘ಪಾರ್ಟ್‌ನರ್’ ಅಧ್ಯಯನ ಪ್ರಕಟವಾಯಿತು. ಒಬ್ಬರಿಗೆ ಎಚ್‌ಐವಿ ಇದ್ದು, ಮಾತ್ರೆಯಿಂದ ವೈರಸ್ ಹಿಡಿತದಲ್ಲಿದ್ದ 888 ಜೋಡಿಗಳು ಅದರಲ್ಲಿದ್ದವು. 11 ಮಂದಿಗೆ ಹೊಸದಾಗಿ ಸೋಂಕು ಬಂತು, ಆದರೆ ಇಬ್ಬರ ವೈರಸ್ಸಿನ ಜೀನ್ ಹೋಲಿಸಿ ನೋಡಿದರೆ ಒಂದೂ ಸಂಗಾತಿಯ ವೈರಸ್ ಅಲ್ಲ. ಕಾಂಡೋಮ್ ಇಲ್ಲದ ಸುಮಾರು 58,000 ಸಂಪರ್ಕಗಳ ಲೆಕ್ಕ ಇಲ್ಲೂ ಜನ ಹೇಳಿದ್ದೇ. ಆದರೂ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಬಳಸಿಯೂ ಬಳಸಲಿಲ್ಲ ಅಂತ ಸುಮ್ನೆ ಯಾರು ಹೇಳುತ್ತಾರೆ, ಅಲ್ವಾ?

ನಮ್ಮ ಕರ್ನಾಟಕದಲ್ಲೇ ಬಳಸಿದ ಒಂದು ಉಪಾಯವಿದೆ: ಮತಗಟ್ಟೆ ಮಾದರಿಯ ಸಮೀಕ್ಷೆ. ಒಂದು ಗುಂಪನ್ನು ಕೂರಿಸಿ, ಪ್ರತಿಯೊಬ್ಬರಿಗೂ ರಟ್ಟಿನ ಮರೆ ಕೊಟ್ಟು, ಪ್ರಶ್ನೆ ಓದುತ್ತಾರೆ. ಉತ್ತರದ ಚೀಟಿ ಹೌದು ಅಥವಾ ಇಲ್ಲ ಡಬ್ಬಿಗೆ ಬೀಳುತ್ತದೆ, ಹೆಸರಿಲ್ಲ. ಎದುರು ಕೂತು ಕೇಳಿದ್ದಕ್ಕಿಂತ ಹೀಗೆ ಕೇಳಿದಾಗ ಮುಜುಗರದ ಸಂಗತಿಗಳು ಜಾಸ್ತಿ ಹೊರಬಂದವು. ತೊಡಕು ಏನೆಂದರೆ, ಚೀಟಿಗೆ ಹೆಸರಿಲ್ಲದ ಮೇಲೆ ಮಲ್ಪೆಯ ಆ ಗಂಡ-ಹೆಂಡತಿಯ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ.