ಹವಾಮಾನ ಬದಲಾವಣೆ: ಪಂಚಾಯಿತಿ ಕೈಯಲ್ಲಿ ಎಷ್ಟಿದೆ?

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುವಾಗ ನಮ್ಮ ಗುಂಪಿನವರೆಲ್ಲ ಹಾರಿಸಿ ಮುಂದೆ ಹೋಗುವ ಅಧ್ಯಾಯ ಇದು. ಹಿಮ ಕರಗುತ್ತಿದೆ, ಸಮುದ್ರ ಏರುತ್ತಿದೆ ಅಂತ ಶುರುವಾಗುತ್ತದೆ. ಕಲಬುರಗಿಯಲ್ಲಿ ಕೂತು ಓದುವವರಿಗೆ ಯಾವ ಹಿಮ, ಯಾವ ಸಮುದ್ರ? ಅದಕ್ಕೇ ನಮ್ಮ ಕಡೆಯ ಬಿಸಿಲು, ತೊಗರಿ, ಭೀಮಾ ನದಿ ಇಟ್ಟುಕೊಂಡು ಟಿಪ್ಪಣಿ ಮಾಡಿಕೊಂಡೆ.

ಮೊದಲು ಎರಡು ಪದ. ಹೊಗೆ ಕಡಿಮೆ ಮಾಡುವುದು, ಸೋಲಾರ್ ಹಾಕಿಸುವುದು 'ತಗ್ಗಿಸುವಿಕೆ'. ಬಂದೇ ಬಿಟ್ಟಿರುವ ಬಿಸಿಲು, ಬರ, ನೆರೆಯ ನಡುವೆ ಬದುಕಲು ತಯಾರಾಗುವುದು 'ಹೊಂದಾಣಿಕೆ'. ಪಂಚಾಯಿತಿಗೆ ಜಾಸ್ತಿ ಕೆಲಸ ಇರುವುದು ಎರಡನೆಯದರಲ್ಲಿ. ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಯಾಗಿದ್ದು 1993ರ ಏಪ್ರಿಲ್ 24ರಂದು. ಅದರ ಜೊತೆ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆ ವಹಿಸಬಹುದಾದ 29 ವಿಷಯಗಳಿವೆ. ಹವಾಮಾನ ಬದಲಾವಣೆ ಅನ್ನುವ ಹೆಸರು ಅಲ್ಲಿಲ್ಲ. ಆದರೆ ಕುಡಿಯುವ ನೀರು, ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ ಇವೆ. ಉತ್ತರ ಬರೆಯುವಾಗ ಈ ನಾಲ್ಕನ್ನು ಹಿಡಿದುಕೊಂಡರೆ ಸಾಕು.

ಈಗ ಬಿಸಿಲು. ಇಲ್ಲಿ ಸ್ವಲ್ಪ ನಿಲ್ಲೋಣ. ಬಯಲು ಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಆಗ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಅನ್ನುತ್ತದೆ. ಇಲ್ಲವೇ ನೇರವಾಗಿ 45 ಮುಟ್ಟಬೇಕು. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು! ಅಂದರೆ 43 ಡಿಗ್ರಿಯಲ್ಲಿ ಬೆಂದರೂ ಕಾಗದದ ಮೇಲೆ ಬಿಸಿಗಾಳಿ ಇಲ್ಲದಿರಬಹುದು. ಘೋಷಣೆ ಬರಲಿ ಅಂತ ಕಾದು ಕೂತ ಪಂಚಾಯಿತಿ ಇಡೀ ಬೇಸಿಗೆ ಸುಮ್ನೆ ಕೂತಿರುತ್ತದೆ.

ಹಾಗಾದರೆ ಏನು ಮಾಡಬಹುದು? ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದಲ್ವಾ? ಅದೂ ಹೊಂದಾಣಿಕೆಯೇ. ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟೇ. ಫ್ಯಾನಿನ ಕೆಳಗೆ ಕೆಲಸ ಮಾಡುವವರಿಗೆ ಸಿಕ್ಕ ಈ ಸೌಲಭ್ಯ ಬಯಲಲ್ಲಿ ಮಣ್ಣು ಹೊರುವವರಿಗೆ ಎಷ್ಟು ಸಿಕ್ಕಿದೆ ಅನ್ನುವುದೇ ನೋಡಬೇಕಾದ ವಿಷಯ. ಉದ್ಯೋಗ ಖಾತರಿಯಲ್ಲಿ ಬೇಸಿಗೆಗೆ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುತ್ತಾ ಬಂದಿದ್ದಾರೆ, ನಿಜ. ಆದರೆ ಒಮ್ಮೆ ಹಳ್ಳಿಯೊಂದರಲ್ಲಿ ಹೂಳೆತ್ತುವ ಕೆಲಸ ನೋಡಲು ಹೋಗಿದ್ದೆ. ಬೆಳಿಗ್ಗೆ ಆರಕ್ಕೇ ಬಂದವರು ಹತ್ತರೊಳಗೆ ಗುಂಡಿ ಮುಗಿಸಿದ್ದರು. ಮನೆಗೆ ಮಾತ್ರ ಹೋಗಿರಲಿಲ್ಲ. ಹಾಜರಿಗೆ ಎರಡನೇ ಫೋಟೋ ಆಗಬೇಕಿತ್ತು. ಕಾಯಕ ಬಂಧು (ಕೂಲಿಕಾರರ ಗುಂಪಿನ ಮೇಲ್ವಿಚಾರಕ) ಮೊಬೈಲ್ ಮೇಲೆತ್ತಿ ನೆಟ್‌ವರ್ಕ್ ಹುಡುಕುತ್ತಿದ್ದ. ಒಬ್ಬ ಆಯಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ಕೆಲಸ ಆಗ್ಯಾದ್ರಿ, ಫೋಟೋಕ್ಕ ಕುಂತೀವಿ" ಅಂದಳು. ಸುತ್ತ ಒಂದು ಬೇವಿನ ಗಿಡವೂ ಇರಲಿಲ್ಲ. ನೆರಳು, ಕುಡಿಯುವ ನೀರು, ಔಷಧಿ ಪೆಟ್ಟಿಗೆ ಕೆಲಸದ ಜಾಗದಲ್ಲಿ ಇರಲೇಬೇಕು ಅಂತ ನಿಯಮವಿದೆ. ದೊಡ್ಡ ಯೋಜನೆಗಿಂತ ಮೊದಲು ನೆರಳಿಗೆ ಒಂದು ತಟ್ಟು ಕಟ್ಟಿಸಿದರೆ ಅರ್ಧ ಹೊಂದಾಣಿಕೆ ಆದಂತೆ.

ದುಡ್ಡಿನ ವಿಷಯ ಚುಟುಕಾಗಿ: 15ನೇ ಹಣಕಾಸು ಆಯೋಗ 2021–26ಕ್ಕೆ ಕೊಟ್ಟ ಪಂಚಾಯಿತಿ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು, ಅಂದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಿತ್ತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹಕ್ಕೆ. ಅದೇ ಅವಧಿಯಲ್ಲಿ ಕೇಂದ್ರದ ವಿಕೋಪ ಪರಿಹಾರದ ಪಟ್ಟಿಯಲ್ಲಿ 12 ಹೆಸರುಗಳಿದ್ದವು. ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ಬಿಸಿಲೂರಿನವರಿಗೆ ಇದನ್ನು ನೆನಪಿಡಲು ಕಷ್ಟವೇನಿಲ್ಲ.

ಮುಂದೆ ಮಳೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಆದರೆ ತೊಗರಿಗೆ ಬೇರಿನಲ್ಲಿ ನೀರು ನಿಂತರೆ ಆಗುವುದಿಲ್ಲ. ನಾಲ್ಕು ದಿನದ ಮಳೆ ಒಂದೇ ರಾತ್ರಿ ಸುರಿದರೆ ಎರೆ ಹೊಲ ಕೆಸರಿನ ಗದ್ದೆಯಾಗುತ್ತದೆ. ಪುಸ್ತಕದಲ್ಲಿ 'ಬದು ಹಾಕಿ, ನೀರು ಹಿಡಿದಿಡಿ' ಅಂತಷ್ಟೇ ಇರುತ್ತದೆ. ಎರೆ ಭೂಮಿಯಲ್ಲಿ ಹೆಚ್ಚಾದ ನೀರು ಹೊರಹೋಗಲು ಕೋಡಿಯನ್ನೂ ಬಿಡಬೇಕು, ಮುಂದಿನ ನಾಲೆಯ ಹೂಳನ್ನೂ ತೆಗೆಯಬೇಕು. ಬದು ಒಬ್ಬ ರೈತನದು, ನಾಲೆ ಊರಿನದು. ಅದಕ್ಕೇ ಇದು ಗ್ರಾಮಸಭೆಯ ವಿಷಯ. ಇನ್ನೊಂದು ಮಾತು: ಮುಖ್ಯ ಬೆಳೆಗಳ ವಿಮೆಗೆ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಂತಿರುತ್ತದೆ. ಕಟಾವಿನ ದಿನ ಸದಸ್ಯರು ಹೊಲಕ್ಕೆ ಹೋಗಿ ನಿಲ್ಲಬೇಕು.

ಬೀದರ್‌ನಿಂದ ಒಂದೇ ಉದಾಹರಣೆ: ನೌಬಾದ್‌ನ ಕಾರೇಜ್. ಬಹಮನಿ ಕಾಲದ ಸುರಂಗ ನೀರಿನ ವ್ಯವಸ್ಥೆ. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆ ನೀರನ್ನು ಹೀರುತ್ತದೆ, ಅದು ಸುರಂಗಕ್ಕೆ ಜಿನುಗಿ ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಮೇಲಿನ ಗಾಳಿಬಾವಿಗಳು ಮುಚ್ಚಿಹೋದರೆ, ಪಕ್ಕದಲ್ಲೇ ಬೋರ್‌ವೆಲ್ ಕೊರೆದರೆ ಕಥೆ ಮುಗಿಯಿತು. ಅಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಯ ಒಂದು ಸಹಿ ಎಷ್ಟು ದೊಡ್ಡದು ಅಂತ ಇಲ್ಲಿ ಗೊತ್ತಾಗುತ್ತದೆ.

ಇನ್ನು ಪಂಚಾಯಿತಿ ಕೈಗೆ ಸಿಗದ ಸಂಗತಿ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿದಾಗ ಮಹಾರಾಷ್ಟ್ರದ ಉಜನಿ ಜಲಾಶಯದ ಕಡೆಯಿಂದ ನೀರು ಬಂತು. ಅಫಜಲಪುರದ ಸೊನ್ನ ಬ್ಯಾರೇಜ್ ದಾಟಿ ಅದು ಕೆಳಗಿನ ಹಳ್ಳಿಗಳಿಗೆ ನುಗ್ಗಿತು. ಗೇಟು ಎತ್ತುವವರು ಬೇರೆ, ಮುಳುಗುವವರು ಬೇರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. (2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆ ಕುರ್ಚಿ ಖಾಲಿ ಬಿದ್ದಿತ್ತು. ಪರೀಕ್ಷೆಯಲ್ಲಿ ಇದನ್ನು ಬರೆಯಬೇಡಿ, ನೆನಪಲ್ಲಿರಲಿ.) ಊರ ಮಟ್ಟದಲ್ಲಿ ಉಳಿಯುವುದು ಡಂಗೂರ, ಕಾಳಜಿ ಕೇಂದ್ರ, ದನಕ್ಕೆ ಮೇವು. ಜೊತೆಗೆ ಒಂದು ಪಟ್ಟಿ: ಯಾವ ಮನೆಯಲ್ಲಿ ಬಸುರಿ, ಬಾಣಂತಿ ಇದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ. ನೀರು ಬಂದ ರಾತ್ರಿ ಅದನ್ನು ಬರೆಯಲು ಆಗುವುದಿಲ್ಲ. ಜೂನ್‌ನಲ್ಲೇ ಆಶಾ ಕಾರ್ಯಕರ್ತೆಯ ಹತ್ತಿರ ಕೂತು ಬರೆದಿಟ್ಟಿರಬೇಕು.