ಒಂಟಿ, ಒಬ್ಬಂಟಿ, ಏಕಾಂಗಿ: ಯಾರೂ ಇಲ್ಲದವರಿಗೆ ಕನ್ನಡ ಕೊಟ್ಟ ಹೆಸರುಗಳು

2023ರ ಮೇ ತಿಂಗಳಲ್ಲಿ, ಆಗ ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಉನ್ನತ ವೈದ್ಯಾಧಿಕಾರಿ, ಆಗಿದ್ದ ವಿವೇಕ್ ಮೂರ್ತಿ ಅವರು ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಸಾರುವ ಸುದೀರ್ಘ ವರದಿಯೊಂದನ್ನು ಹೊರತಂದರು. ಅವರ ಮನೆತನದ ಮೂಲ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಎರಡು ವರ್ಷಗಳ ಬಳಿಕ, 2025ರ ಜೂನ್‌ನಲ್ಲಿ, ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರನ್ನು ಈ ಸ್ಥಿತಿ ಬಾಧಿಸುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಈ ಸುದ್ದಿಗಳನ್ನು ಕನ್ನಡದಲ್ಲಿ ಹೇಳಹೊರಟವರಿಗೆ ಕೈಗೆ ಸಿಗುವ ಪದ ‘ಒಂಟಿತನ’ ಒಂದೇ. ಆದರೆ ಜೊತೆಗಾರರಿಲ್ಲದ ಸ್ಥಿತಿಯನ್ನು ಕನ್ನಡ ಬಹುಕಾಲ ಈ ಪದದ ನೆರವಿಲ್ಲದೆಯೇ, ಬೇರೆ ರೀತಿಯಲ್ಲಿ ಹೇಳಿಕೊಂಡು ಬಂದಿದೆ.

‘ಒಂಟಿ’ ಎಂಬುದು ‘ಒಂದು’ ಎಂಬ ಎಣಿಕೆಯ ಬಳಗಕ್ಕೆ ಸೇರಿದ ದ್ರಾವಿಡ ಮಾತು. ತೆಲುಗಿನಲ್ಲೂ ಅದು ಒಂಟಿಯೇ, ತಮಿಳಿನಲ್ಲಿ ಒಂಡಿ. ಹಾಗಿದ್ದರೂ ನಾವು ಅದನ್ನು ಬಳಸುವ ಬಗೆಯನ್ನು ಗಮನಿಸಿದರೆ ಅದು ಬರೀ ಎಣಿಕೆಯಲ್ಲ ಎಂಬುದು ತಿಳಿಯುತ್ತದೆ. ಒಂಟಿ ಎತ್ತು, ಒಂಟಿ ಕಾಲು, ಒಂಟಿ ಚಪ್ಪಲಿ, ಒಂಟಿ ಸೀನು, ಇವೆಲ್ಲವೂ ಎರಡಾಗಿರಬೇಕಿದ್ದು ಒಂದೇ ಉಳಿದವು. ಮನೆಯಿಂದ ಹೊರಡುವಾಗ ಯಾರಾದರೂ ಒಮ್ಮೆ ಸೀನಿದರೆ ಹೊಸಿಲಲ್ಲೇ ತಡೆದು ನಿಲ್ಲುವವರು, ಹಿಂದೆಯೇ ಇನ್ನೊಂದು ಸೀನು ಬಂದರೆ ‘ಸದ್ಯ, ಜೋಡಿಯಾಯಿತು’ ಎಂದು ನಿರಾಳವಾಗಿ ಮೆಟ್ಟಿಲಿಳಿಯುತ್ತಾರೆ. ಹೀಗೆ ಜೋಡಿ ತಪ್ಪಿದ್ದರ ಅಳುಕು ‘ಒಂಟಿ’ ಎಂಬ ಮಾತಿಗೆ ಅಂಟಿಕೊಂಡಿದೆ. ‘ಒಬ್ಬಂಟಿ’ಯಲ್ಲಿ ಅದು ಇನ್ನೂ ಗಾಢ: ಮನುಷ್ಯರನ್ನು ಮಾತ್ರ ಎಣಿಸುವ ‘ಒಬ್ಬ’ನ ಮೇಲೆ ‘ಒಂಟಿ’ಯನ್ನೂ ಹೇರಿ, ಒಂದನ್ನೇ ಎರಡು ಸಲ ಹೇಳಿದಂತಾಗಿದೆ.

ಈ ಅಳುಕು ಎಲ್ಲರ ಪಾಲಿಗೂ ಒಂದೇ ಆಗಿಲ್ಲ ಎಂಬುದನ್ನು ಹೇಳಲೇಬೇಕು. ಗಂಡಸನ್ನು ‘ಒಂಟಿ ಸಲಗ’ ಎಂದರೆ ಅದು ಹೊಗಳಿಕೆ. ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ‘ಒಂಟಿ ಮಹಿಳೆ’ ಎಂದು ಕಂಡೊಡನೆ ಸರಗಳ್ಳತನವೋ ಅದಕ್ಕಿಂತ ಕೆಟ್ಟದ್ದೋ ನಡೆದಿದೆ ಎಂದು ಓದುಗರು ಮುಂದಿನ ಪದಕ್ಕೂ ಕಾಯದೆ ಊಹಿಸುತ್ತಾರೆ. 40ರಿಂದ 64 ವರ್ಷದೊಳಗಿನ ಬಡ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗಾಗಿ ಕರ್ನಾಟಕ ಸರ್ಕಾರ 2013ರಲ್ಲಿ ಆರಂಭಿಸಿದ ಮಾಸಾಶನಕ್ಕೆ, ‘ಒಂಟಿ’ ಎಂಬ ಮಾತನ್ನು ಬಿಟ್ಟು, ‘ಮನಸ್ವಿನಿ’ ಎಂದು ಹೆಸರಿಟ್ಟದ್ದು ಈ ಕಾರಣಕ್ಕೆ ನನಗೆ ಒಳ್ಳೆಯ ಆಯ್ಕೆಯಾಗಿ ಕಾಣುತ್ತದೆ.

ಇನ್ನು ಹಳೆಯ ರೂಢಿಯ ಮಾತು. ಒಬ್ಬ ವ್ಯಕ್ತಿಯ ಒಳಗೆ ಏನಾಗುತ್ತಿದೆ ಎಂದು ಹೇಳುವುದಕ್ಕಿಂತ ಅವರ ಸುತ್ತ ಯಾರಿಲ್ಲ ಎಂದು ಹೇಳುವುದೇ ಕನ್ನಡದ ಜಾಯಮಾನವಾಗಿತ್ತು. ಯಾರೂ ಇಲ್ಲದವರು, ದಿಕ್ಕಿಲ್ಲದವರು, ಹಿಂದುಮುಂದಿಲ್ಲದವರು, ಹೇಳುವವರು ಕೇಳುವವರು ಇಲ್ಲದವರು, ಹೀಗೆ ಪ್ರತಿಯೊಂದು ಮಾತಿನಲ್ಲೂ ‘ಇಲ್ಲ’ವಿದೆ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ‘ಆರೂ ಇಲ್ಲದವಳೆಂದು’ ತನ್ನನ್ನು ಹೀಗಳೆಯಬೇಡ ಎಂದು ಎಚ್ಚರಿಸಿದ್ದು ಇದೇ ನುಡಿಗಟ್ಟನ್ನು ಹಿಡಿದು. ಊಟಕ್ಕೆ ಭಿಕ್ಷೆ, ಮಲಗಲು ಹಾಳು ದೇಗುಲ ಉಂಟೆಂದು ಎಣಿಸಿದ ಇನ್ನೊಂದು ವಚನದಲ್ಲಿ ಆಕೆ ಚೆನ್ನಮಲ್ಲಿಕಾರ್ಜುನ ತನಗುಂಟು ಎಂದದ್ದು ‘ಆತ್ಮಸಂಗಾತ’ಕ್ಕೆ. ಅನ್ನಕ್ಕೂ ಆಸರೆಗೂ ಮೀರಿ ಮನುಷ್ಯರಿಗೆ ಇನ್ನೊಂದು ಕೊರತೆ ಇರಬಲ್ಲದು ಎಂಬುದನ್ನು ಇಷ್ಟು ಖಚಿತವಾಗಿ ಹೆಸರಿಸಿದ ಮತ್ತೊಂದು ಕನ್ನಡ ಪದ ನನಗೆ ಹೊಳೆಯುತ್ತಿಲ್ಲ.

ಹೊರಗಿನಿಂದ ಬಂದ ಪದಗಳೂ ಇದೇ ದಾರಿ ಹಿಡಿದವು. ನಾಥನಿಲ್ಲದವನು ಅನಾಥ, ಗತಿಯಿಲ್ಲದವನು ನಿರ್ಗತಿಕ. ಬೇರೆ ದೇಶದವನು ಎಂದಷ್ಟೇ ಅರ್ಥವಿದ್ದ ಪರದೇಶಿ, ನೆಲೆಯೂ ನೆಂಟರೂ ಇಲ್ಲದವನಾದ. ಇವುಗಳಲ್ಲಿ ಅತ್ಯಂತ ನೋವಿನ ಕತೆ ‘ಬೇವಾರ್ಸಿ’ಯದು. ‘ಇಲ್ಲದ’ ಎನ್ನುವ ಪಾರಸಿಯ ‘ಬೇ’ ಮತ್ತು ಉತ್ತರಾಧಿಕಾರಿ ಎನ್ನುವ ಅರಬಿಯ ‘ವಾರಿಸ್’ ಸೇರಿ, ವಾರಸುದಾರರಿಲ್ಲದ್ದು ಎಂಬ ಅರ್ಥ ಕೊಡುತ್ತಿದ್ದ ಈ ಪದ ಇಂದು ಬೀದಿ ಜಗಳದ ಬೈಗುಳವಾಗಿದೆ. ನನ್ನವರು ಎನ್ನಲು ಯಾರೂ ಇಲ್ಲದಿರುವುದೇ ಬೈಸಿಕೊಳ್ಳಲು ಸಾಕಾದ ತಪ್ಪೆಂದು ಎಣಿಸಿದ ಸಮಾಜದ ಗುರುತು ಆ ಪದದಲ್ಲಿ ಉಳಿದುಕೊಂಡಿದೆ.

ಏಕಾಂತದ ಹಾದಿ ಬೇರೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಬರುವ ಏಕಾಂತದ ರಾಮಯ್ಯನ ಹೆಸರಿನಲ್ಲಿ ಅದು ಶಿವನೊಬ್ಬನಲ್ಲೇ ನೆಟ್ಟ ನಿಷ್ಠೆ. ದೇವಸ್ಥಾನದ ಏಕಾಂತ ಸೇವೆಯಲ್ಲಿ ಅದು ದೇವರು ಮಲಗುವ ಹೊತ್ತಿನ ನೀರವ. ಏಕಾಂತದಲ್ಲಿ ಇಬ್ಬರು ಕುಳಿತು ಮಾತಾಡಬಹುದು, ಒಂಟಿತನದಲ್ಲಿ ಅದು ಸಾಧ್ಯವಿಲ್ಲ. ‘ಏಕಾಂಗಿ’ ಇವೆರಡರ ನಡುವೆ ನಿಂತಿದ್ದು, ‘ಏಕಾಂಗಿ ಹೋರಾಟ’ ಎಂದಾಗ ಗೌರವವನ್ನೂ ‘ಏಕಾಂಗಿಯಾದರು’ ಎಂದಾಗ ಮರುಕವನ್ನೂ ಪಡೆಯುತ್ತದೆ.

ವಿಚಿತ್ರವೆಂದರೆ ಗೆಳೆಯರಿಲ್ಲದವರಿಗೆಂದೇ ಕನ್ನಡದಲ್ಲಿ ಪ್ರತ್ಯೇಕ ಪದವಿಲ್ಲ. ಸಂಸ್ಕೃತದ ‘ಮಿತ್ರ’ಕ್ಕೆ ‘ಅ’ ಸೇರಿಸಿದರೆ ಸಿಗುವ ‘ಅಮಿತ್ರ’ನಿಗೆ ಶತ್ರು ಎಂದರ್ಥ. ನಮ್ಮ ‘ಗೆಳೆಯ’ ಹಳಗನ್ನಡದಲ್ಲಿ ‘ಕೆಳೆಯ’ನಾಗಿದ್ದ, ಅದರ ನಂಟಿನ ತಮಿಳಿನ ‘ಕೇಳ್’ ಎಂಬ ಪದಕ್ಕೆ ನೆಂಟ ಮತ್ತು ಗೆಳೆಯ ಎಂಬ ಎರಡೂ ಅರ್ಥಗಳಿವೆ. ನೆಂಟಸ್ತಿಕೆಯನ್ನೂ ಗೆಳೆತನವನ್ನೂ ಒಂದೇ ಬೇರಿನಿಂದ ಹೆಸರಿಸಿದ ನುಡಿಗಳಿಗೆ, ಮನೆ ತುಂಬ ಜನರಿದ್ದೂ ಗೆಳೆಯರಿಲ್ಲದ ಮನುಷ್ಯನನ್ನು ಬೇರೆಯಾಗಿ ಗುರುತಿಸುವ ಅಗತ್ಯ ಕಾಣಲಿಲ್ಲವೇನೋ. ಟೂ ಬಿಟ್ಟ ಮಕ್ಕಳಿಗೆ ಮಾತ್ರ ಅದು ಚೆನ್ನಾಗಿ ಗೊತ್ತು: ಶಾಲೆಯ ಬಿಡುವಿನಲ್ಲಿ ಎಲ್ಲರಿಂದಲೂ ಟೂ ಬಿಡಿಸಿಕೊಂಡ ಮಗು ನಲ್ಲಿಯ ಬಳಿ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಾ ಗಂಟೆ ಹೊಡೆಯುವುದನ್ನೇ ಕಾಯುತ್ತದೆ.

‘ಬಡತನ’, ‘ದೊಡ್ಡತನ’ಗಳಂತೆ ‘ತನ’ ಸೇರಿಸಿಕೊಂಡ ಒಂಟಿತನ ಇಂದು ಮನಸ್ಸಿನೊಳಗಿನ ಸ್ಥಿತಿಯ ಹೆಸರಾಗಿದೆ. ಅದಕ್ಕೆ ನಾವು ಜೋಡಿಸುವ ಕ್ರಿಯಾಪದ ‘ಕಾಡು’. ದೆವ್ವ, ಕಾಯಿಲೆ, ಹಸಿವುಗಳಿಗೆ ಬಳಸುವುದೂ ಅದನ್ನೇ. ಆದರೆ ಈ ಹೊಸ ಅರ್ಥ ಎಲ್ಲರ ಬಾಯಿಗೂ ಹತ್ತಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರೂಪುಗೊಂಡ ಒಂಟಿತನದ ಮಾಪಕದಿಂದ 2004ರಲ್ಲಿ ಆರಿಸಿದ ಮೂರು ಪ್ರಶ್ನೆಗಳಲ್ಲಿಯೂ ಆ ಪದವಿಲ್ಲ. ಜೊತೆಗಾರರಿಲ್ಲ ಎನಿಸುತ್ತದೆಯೇ, ನಿಮ್ಮನ್ನು ಹೊರಗೆ ಬಿಟ್ಟಂತೆ ಅನಿಸುತ್ತದೆಯೇ, ಇತರರಿಂದ ದೂರವಾದಂತೆ ಅನಿಸುತ್ತದೆಯೇ ಎಂದಷ್ಟೇ ಅವು ಕೇಳುತ್ತವೆ. ಕನ್ನಡದಲ್ಲಿ ಹಿರಿಯರ ಯೋಗಕ್ಷೇಮ ವಿಚಾರಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯ ಬಗ್ಗೆ ಕೇಳಬೇಕೆಂದು ನನಗೆ ಅನಿಸುತ್ತದೆ. ದೀಪಾವಳಿ ಮುಗಿಸಿ ಮಕ್ಕಳು ಮೊಮ್ಮಕ್ಕಳು ಊರಿಗೆ ಹೊರಟ ಸಂಜೆ ನಮ್ಮ ಸೋದರತ್ತೆ ಜಗುಲಿಯಲ್ಲಿ ಚಾಪೆಗಳನ್ನು ಸುತ್ತಿಡುತ್ತಿದ್ದರು. ಒಂಟಿತನ ಕಾಡುತ್ತದೆಯೇ ಎಂದು ಕೇಳಿದ್ದಕ್ಕೆ, ‘ನನಗೇನಪ್ಪ, ಚೆನ್ನಾಗೇ ಇದ್ದೀನಿ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಒಳಗೆ ನೋಡಿ, ‘ಮನೆ ಬಿಕೋ ಅಂತಿದೆ, ಆ ರೇಡಿಯೊ ಹಾಕು’ ಎಂದರು.