ಪ್ಲಾನ್ ಚೆನ್ನಾಗಿದೆ, ಸೆಕ್ಷನ್ ಎಲ್ಲಿ?

ಆರ್ಕಿಟೆಕ್ಟ್ ಆಗಲು ಓದುವ ಬಿ.ಆರ್ಕ್ ಐದು ವರ್ಷದ ಕೋರ್ಸು. ಹತ್ತು ಸೆಮಿಸ್ಟರ್. ಅದರಲ್ಲಿ ಕಟ್ಟಡ ವಿನ್ಯಾಸ ಮಾಡಿಸುವ ಡಿಸೈನ್ ಸ್ಟುಡಿಯೋಗೆ ಸಿಗುವಷ್ಟು ಗಂಟೆ, ಅಂಕ, ನಿದ್ದೆಗೆಟ್ಟ ರಾತ್ರಿ ಬೇರೆ ಯಾವ ವಿಷಯಕ್ಕೂ ಸಿಗುವುದಿಲ್ಲ. ಜೊತೆಗೆ ಕಟ್ಟುವ ಕೆಲಸ ಕಲಿಸುವ ಇನ್ನೊಂದು ವಿಷಯ ಇರುತ್ತದೆ. ವಿಟಿಯು ಕಾಲೇಜುಗಳಲ್ಲಿ ಅದರ ಹೆಸರು ‘ಮೆಟೀರಿಯಲ್ಸ್ ಅಂಡ್ ಮೆಥಡ್ಸ್ ಇನ್ ಬಿಲ್ಡಿಂಗ್ ಕನ್‌ಸ್ಟ್ರಕ್ಷನ್’. ಅಲ್ಲಿ ಇಂಗ್ಲಿಷ್ ಬಾಂಡ್, ಫ್ಲೆಮಿಶ್ ಬಾಂಡ್ ಅನ್ನುವ ಇಟ್ಟಿಗೆ ಜೋಡಣೆಗಳು, ಚಾವಣಿ ಹೊರುವ ಕಿಂಗ್ ಪೋಸ್ಟ್ ಟ್ರಸ್ ಎಲ್ಲವನ್ನೂ ಶೀಟಿನ ಮೇಲೆ ಚೆಂದವಾಗಿ ಬರೆಯುತ್ತಾರೆ. ಮೇಷ್ಟ್ರ ಸಹಿ ಹಾಕಿಸುತ್ತಾರೆ. ಸುರುಳಿ ಸುತ್ತಿ ಇಡುತ್ತಾರೆ. ಮಧ್ಯಾಹ್ನ ಸ್ಟುಡಿಯೋಗೆ ಬಂದು ಕೂತಾಗ ಬೆಳಿಗ್ಗೆ ಬರೆದ ಗೋಡೆ ನೆನಪಿಗೇ ಬರುವುದಿಲ್ಲ.

ವಿದ್ಯಾರ್ಥಿಗಳ ಡಿಸೈನ್ ನೋಡಿ ಪ್ರಶ್ನೆ ಕೇಳುವ ಜ್ಯೂರಿಗೆ ಹೊರಗಿನವನಾಗಿ ಹೋಗಿ ಕೂತಾಗ, ಆಫೀಸಿಗೆ ಟ್ರೈನಿಂಗ್‌ಗೆ ಬಂದವರ ಕೆಲಸ ನೋಡಿದಾಗ, ನನಗೆ ಕಾಣುವ ತೊಂದರೆ ಇದೊಂದೇ. ಹುಡುಗರು ಚುರುಕಾಗಿದ್ದಾರೆ. ಸಾಫ್ಟ್‌ವೇರ್ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಡಿಸೈನ್ ಒಂದು ಕಡೆ, ಕಟ್ಟೋದು ಇನ್ನೊಂದು ಕಡೆ ಅಂತ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದಾರೆ.

ಮೆಟ್ಟಿಲನ್ನೇ ತಗೊಳ್ಳಿ. ಬೆಂಗಳೂರಿನ ಥರ್ಟಿ ಫಾರ್ಟಿ ಸೈಟಿನಲ್ಲಿ ಒಂದು ಮನೆ ಮಾಡಿ ಅಂತ ಕೆಲಸ ಕೊಟ್ಟಿರುತ್ತಾರೆ. ಪ್ಲಾನಿನಲ್ಲಿ ಲಿವಿಂಗ್ ರೂಮು, ಅಡುಗೆಮನೆ, ತೊಟ್ಟಿ ಎಲ್ಲಾ ಚೆನ್ನಾಗಿ ಕೂತಿದೆ. ಮೂಲೆಯಲ್ಲಿ ಒಂದು ಚೌಕ, ಅದರಲ್ಲಿ ಒಂದಿಷ್ಟು ಗೆರೆ, ಒಂದು ಬಾಣ. ಮೆಟ್ಟಿಲಾಯಿತು! ಎಣಿಸಿದರೆ ಹನ್ನೆರಡು. ನೆಲದಿಂದ ಮೇಲಿನ ನೆಲಕ್ಕೆ 3 ಮೀಟರ್ ಇದ್ದರೆ ಒಂದೊಂದು ಮೆಟ್ಟಿಲೂ 250 ಮಿ.ಮೀ. ಎತ್ತರ. ಅಜ್ಜಿ ಬಿಡಿ, ಬರೆದವನೇ ನಾಲ್ಕು ಸಲ ಹತ್ತಿ ಇಳಿದರೆ ಮಂಡಿ ಹಿಡಿಯುತ್ತದೆ. 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್ ಮನೆಗಳಿಗೆ ಒಪ್ಪುವುದು ಹೆಚ್ಚೆಂದರೆ 190.

ಹಾಯಾಗಿ ಹತ್ತಬೇಕು ಅಂದರೆ 150 ಎತ್ತರ, 300 ಅಗಲ. 3 ಮೀಟರಿಗೆ ಇಪ್ಪತ್ತು ರೈಸರ್, ಅಂದರೆ ಏರುವ ಎತ್ತರಗಳು. ಎರಡು ಸಾಲು ಮಾಡಿದರೆ ಒಂದೊಂದರಲ್ಲಿ ಹತ್ತು ರೈಸರ್, ಕಾಲಿಡುವ ಒಂಬತ್ತು ಟ್ರೆಡ್. ಒಂಬತ್ತು ಟ್ರೆಡ್‌ಗೇ 2.7 ಮೀಟರ್ ಉದ್ದ ಹೋಯಿತು. ಮಧ್ಯದ ಲ್ಯಾಂಡಿಂಗ್‌ಗೆ ಇನ್ನೊಂದು ಮೀಟರ್. ಹುಡುಗ ಬಿಟ್ಟಿದ್ದ ಜಾಗ ಒಟ್ಟು 3 ಮೀಟರ್. ಈಗ ಮೆಟ್ಟಿಲನ್ನು ಕಡಿದಾಗಿಸಬೇಕು, ಇಲ್ಲವೇ ಅಡುಗೆಮನೆ ಜರುಗಬೇಕು. ಜರುಗಿತೋ, ಇಡೀ ಪ್ಲಾನೇ ಬೇರೆ. ಅಂದರೆ ಮೆಟ್ಟಿಲಿನ ಲೆಕ್ಕ ಕೊನೆಯಲ್ಲಿ ತುಂಬುವ ಡೀಟೇಲ್ ಅಲ್ಲವೇ ಅಲ್ಲ. ಮೊದಲ ದಿನದ ಸ್ಕೆಚ್‌ನಲ್ಲೇ ಅದಕ್ಕೆ ಜಾಗ ಇರಬೇಕು.

ಇನ್ನೊಂದು ಇದೆ. ಲ್ಯಾಂಡಿಂಗ್ ಕೆಳಗೆ ಸುಮ್ನೆ ಜಾಗ ವೇಸ್ಟ್ ಆಗುತ್ತಲ್ಲಾ ಅಂತ ಅಲ್ಲೊಂದು ಟಾಯ್ಲೆಟ್ ಹಾಕಿರುತ್ತಾರೆ. ಲ್ಯಾಂಡಿಂಗ್ ಇರುವುದು 1.5 ಮೀಟರ್ ಎತ್ತರದಲ್ಲಿ. ಸ್ಲ್ಯಾಬಿನ ದಪ್ಪ 150 ಮಿ.ಮೀ. ಕಳೆದರೆ ಉಳಿಯುವುದು 1.35 ಮೀಟರ್. ನಾಲ್ಕೂವರೆ ಅಡಿಯೂ ಇಲ್ಲ. ಒಳಗೆ ಹೋದವರು ಬಗ್ಗಿಕೊಂಡೇ ಇರಬೇಕು. ‘ನೆಲ ಇಳಿಸ್ತೀನಿ ಸರ್’ ಅನ್ನುತ್ತಾರೆ. ಇಳಿಸಿ, ಆದರೆ ಪೈಪು ಇಳಿಜಾರಾಗಿ ಹೋಗಿ ಹೊರಗಿನ ಚೇಂಬರ್ ಸೇರಬೇಕಲ್ವಾ? ಚೇಂಬರ್ ರಸ್ತೆಯ ಲೈನಿಗೆ ಸೇರಬೇಕಲ್ವಾ? ಒಂದು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುವ ಚಿತ್ರ, ಬರೆದಿದ್ದರೆ ಇದೆಲ್ಲ ಹತ್ತು ನಿಮಿಷದಲ್ಲಿ ಕಾಣುತ್ತಿತ್ತು. ಪ್ಲಾನ್ ಇಂಥದ್ದನ್ನೆಲ್ಲ ಮುಚ್ಚಿಡುತ್ತದೆ. ರೆಂಡರಿಂಗ್ ಅಂತೂ ಕೇಳಲೇಬೇಡಿ.

ಅದಕ್ಕೇ ಜ್ಯೂರಿಯಲ್ಲಿ ನಾನು ಮೊದಲು ಕೇಳುವುದು ಗೋಡೆಯ ಸೆಕ್ಷನ್. 1:20 ಸ್ಕೇಲು. ಪಾಯದಿಂದ ಪ್ಯಾರಪೆಟ್‌ವರೆಗೆ ಒಂದೇ ಗೋಡೆ. ಸೈಜುಗಲ್ಲು, ಪ್ಲಿಂತ್, ಕಿಟಕಿಯ ಸಿಲ್, ಲಿಂಟಲ್, ಚಜ್ಜ, ಸ್ಲ್ಯಾಬು, ತಾರಸಿಯ ವಾಟ. ಇದನ್ನು ಬರೆಯುವಾಗ ಕೈ ನಿಲ್ಲುವ ಜಾಗಗಳೇ ಡಿಸೈನ್ ಮಾಡದೆ ಬಿಟ್ಟ ಜಾಗಗಳು. ತಾರಸಿ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಎಷ್ಟೋ ಜನ ಮೇಲೆ ನೋಡುತ್ತಾರೆ.

ಚಜ್ಜದ ಹತ್ತಿರ ಸ್ವಲ್ಪ ನಿಲ್ಲೋಣ. ನಾಲ್ಕೂ ದಿಕ್ಕಿಗೆ 600 ಮಿ.ಮೀ. ಚಜ್ಜ ಹಾಕಿ ಮುಗಿಸುವುದು ರೂಢಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಮಧ್ಯಾಹ್ನ ದಕ್ಷಿಣದ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 600ರ ಚಜ್ಜ ಆಗ ಸುಮಾರು 800 ಮಿ.ಮೀ. ನೆರಳು ಕೊಡುತ್ತದೆ. 1200 ಎತ್ತರದ ಕಿಟಕಿಯ ಕೆಳಭಾಗದಲ್ಲಿ ಒಂದಿಷ್ಟು ಬಿಸಿಲು ಒಳಗೆ ಬರುತ್ತದೆ. ಬರಲಿ, ಚಳಿಗಾಲ. ಪಶ್ಚಿಮದ ಇಳಿಬಿಸಿಲಿಗೆ ಮಾತ್ರ ಆ ಚಜ್ಜ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲಿ ಕಿಟಕಿ ಪಕ್ಕ ನೆಟ್ಟಗೆ ನಿಂತ ಹಲಗೆಯಂಥ ಫಿನ್ ಬೇಕು, ಜಾಲಿ ಬೇಕು, ಇಲ್ಲವೇ ಸ್ಟೋರು, ಟಾಯ್ಲೆಟ್‌ಗಳನ್ನು ಆ ಕಡೆ ತಳ್ಳಬೇಕು. ಉತ್ತರದ್ದು ಇನ್ನೂ ತಮಾಷೆ. ಉತ್ತರಕ್ಕೆ ಬಿಸಿಲೇ ಬರಲ್ಲ ಅಂತ ದೂರದ ದೇಶದ ಪುಸ್ತಕ ಓದಿ ಬರೆಯುತ್ತಾರೆ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರ, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುವ ಶೂನ್ಯ ನೆರಳಿನ ದಿನ ಬರುತ್ತದಲ್ಲ, ಅದಾದ ಮೇಲೆ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ.

ಚಜ್ಜದ ಕಂಬಿಯೂ ಅಷ್ಟೇ. ಅದು ಗೋಡೆಯಿಂದ ಹೊರಚಾಚಿದ ಕ್ಯಾಂಟಿಲಿವರ್. ಎಳೆತ ಬೀಳುವುದು ಮೇಲ್ಭಾಗದಲ್ಲಿ. ಹಾಗಾಗಿ ಮುಖ್ಯ ಕಂಬಿ ಮೇಲೆ ಇರಬೇಕು. ಸ್ಟ್ರಕ್ಚರ್ಸ್ ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆದವರೇ ಸ್ಟುಡಿಯೋ ಶೀಟಿನಲ್ಲಿ ಕೆಳಗೆ ಬರೆದಿರುತ್ತಾರೆ. ಸೈಟಿನಲ್ಲಿ ಕಾಂಕ್ರೀಟ್ ಹಾಕುವವರು ಕಂಬಿಯ ಮೇಲೆ ಓಡಾಡಿದರೆ ಅದು ತಗ್ಗಿ ಕೆಳಗೆ ಹೋಗುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಚಜ್ಜ ಬಿರುಕು ಬಿಡಬಹುದು, ಕಿತ್ತುಕೊಂಡೇ ಬರಬಹುದು. ಚಜ್ಜದ ಅಡಿಯಲ್ಲಿ, ತುದಿಗೆ ಹತ್ತಿರ, ಬೆರಳಗಲದ ಒಂದು ತೋಡು ಬಿಡುತ್ತಾರೆ. ಅದು ಇಲ್ಲದಿದ್ದರೆ ಮಳೆನೀರು ಅಡಿಯಲ್ಲೇ ಹರಿದು ಗೋಡೆಗೆ ಬರುತ್ತದೆ. ಊರಿನ ಕಟ್ಟಡಗಳ ಮೇಲೆ ಕಾಣುವ ಕಪ್ಪು ಗೆರೆಗಳಲ್ಲಿ ಎಷ್ಟೋ ಇದರದ್ದೇ.

ಮಣ್ಣಿನ ಬ್ಲಾಕಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿದ ಬ್ಲಾಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ನಮ್ಮ ಮನೆಬಾಗಿಲಲ್ಲೇ ಇರುವ ತಿಳಿವಳಿಕೆ ಅದು. ಈಗ ‘ಸಸ್ಟೈನಬಲ್’ ಅಂತ ಬರೆದ ಪ್ರತಿ ಶೀಟಿನಲ್ಲೂ ಆ ಬ್ಲಾಕಿನ ಹೆಸರಿದೆ. ಆದರೆ ಸಾಮಾನ್ಯ ಅಳತೆ 230×190×100 ಅಂತ ತಿಳಿದು, ಕಿಟಕಿಯ ಅಗಲ, ಸಿಲ್ಲಿನ ಎತ್ತರ ಆ ಲೆಕ್ಕಕ್ಕೆ ಕೂರುವ ಹಾಗೆ ಬರೆದವರು ಕಮ್ಮಿ. ಬ್ಲಾಕು ಒಡೆಯದೆ ಗೋಡೆ ಏಳಬೇಕಾದರೆ ಆ ಲೆಕ್ಕ ಪ್ಲಾನಿನಲ್ಲೇ ಬರಬೇಕು.

ಕಾಲೇಜುಗಳು ಮಾಡಬಹುದಾದದ್ದು ದೊಡ್ಡ ವಿಷಯವೇನಲ್ಲ. ಡಿಸೈನ್ ಜ್ಯೂರಿಗೆ ಕನ್‌ಸ್ಟ್ರಕ್ಷನ್ ಮೇಷ್ಟ್ರನ್ನೂ ಕೂರಿಸಿ. ಈ ಸೆಮಿಸ್ಟರಿನಲ್ಲಿ ಮಾಡಿದ ಮನೆಗೇ ಮುಂದಿನ ಸೆಮಿಸ್ಟರಿನಲ್ಲಿ ವರ್ಕಿಂಗ್ ಡ್ರಾಯಿಂಗ್, ಅಂದರೆ ಸೈಟಿನಲ್ಲಿ ನೋಡಿ ಕಟ್ಟುವ ನಕ್ಷೆ, ಮಾಡಿಸಿ. ಬಸ್ಸಿನಲ್ಲಿ ಇಡೀ ಕ್ಲಾಸನ್ನು ಕರೆದೊಯ್ದು, ಹೆಲ್ಮೆಟ್ ಹಾಕಿಸಿ, ಫೋಟೋ ತೆಗೆಸಿ ವಾಪಸ್ ತರುವ ಸೈಟ್ ವಿಸಿಟ್‌ನಿಂದ ಉಪಯೋಗ ಅಷ್ಟಕ್ಕಷ್ಟೇ. ಅದರ ಬದಲು ವಿದ್ಯಾರ್ಥಿ ತನ್ನ ಬೀದಿಯಲ್ಲೇ ಏಳುತ್ತಿರುವ ಒಂದು ಮನೆಯನ್ನು ವಾರಕ್ಕೊಂದು ಸಲ ನೋಡಿ ಬರಲಿ. ಮೇಸ್ತ್ರಿಯನ್ನು, ಬಾರ್ ಬೆಂಡರ್‌ನನ್ನು ಮಾತಾಡಿಸಲಿ. ಅವರು ಹೇಳುವುದೆಲ್ಲ ಸರಿ ಇರುತ್ತದೆ ಅಂತಲ್ಲ. ಮೋಲ್ಡ್, ಅಂದರೆ ಚಾವಣಿಯ ಸ್ಲ್ಯಾಬು, ಹಾಕುವ ದಿನ ಕಾಂಕ್ರೀಟಿಗೆ ಜಾಸ್ತಿ ನೀರು ಸುರಿಯುವುದನ್ನೂ ಅಲ್ಲೇ ನೋಡಬಹುದು. ಅದೂ ಪಾಠವೇ.

ಟ್ರೈನಿಂಗ್‌ಗೆ ಅರ್ಜಿ ಹಾಕುವವರಿಗೆ ಒಂದು ಸಲಹೆ. ಪೋರ್ಟ್‌ಫೋಲಿಯೋದಲ್ಲಿ ಹತ್ತು ಬಣ್ಣದ ರೆಂಡರಿಂಗ್ ಬದಲು ಐದು ಇಡಿ. ಉಳಿದ ಜಾಗದಲ್ಲಿ ಕೈಯಲ್ಲೇ ಬರೆದ ಒಂದು ಗೋಡೆ ಸೆಕ್ಷನ್, ಒಂದು ಮೆಟ್ಟಿಲಿನ ಲೆಕ್ಕ ಇರಲಿ. ಅಳಿಸಿ ತಿದ್ದಿದ ಗುರುತು ಇದ್ದರೂ ಪರವಾಗಿಲ್ಲ. ನಾನಂತೂ ಆ ಪುಟವನ್ನೇ ಮೊದಲು ನೋಡುತ್ತೇನೆ.